ಗೊಂಬೆಯ ಬೆನ್ನಿಗೆ ನೆರಿಗೆ ಕೂರಿಸಿದ್ದು ಹೀಗೆ

ಈ ಸಲ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಮೊದಲು, ಕೊಡಗಿನ ಉಡುಪು ಹಾಕಿದ 12 ಜೊತೆ ಗಂಡು-ಹೆಣ್ಣು ಗೊಂಬೆ ಮಾರಾಟಕ್ಕೆ ಕಳಿಸಿದೆ. ಒಂದೂ ವಾಪಸ್ ಬರಲಿಲ್ಲ. ನಮ್ಮಲ್ಲಿ ಸೀರೆಯ ನೆರಿಗೆ ಬೆನ್ನ ಕಡೆ ಬರುತ್ತೆ. ಕೊಡಗಿನ ಸೀರೆ ಗೊಂಬೆಗೆ ಆಗಲ್ಲ, ಹಿಂದೆ ನೆರಿಗೆ ಹಾಕಿದರೆ ಬಾಲದ ಥರ ಎದ್ದು ನಿಲ್ಲುತ್ತೆ ಅಂತ ಎಷ್ಟೋ ಜನ ಹೇಳಿದ್ದರು. ನನಗೆ ಹೊಲಿಗೆ ಕಲಿಸಿದ ಅತ್ತೆಯೇ ಮೊದಲು ಹೇಳಿದ್ದು. "ಸುಮ್ನೆ ಮುಂದೆ ನೆರಿಗೆ ಹಾಕಿ ಕೊಡು, ಯಾರು ನೋಡ್ತಾರೆ?" ನೋಡ್ತಾರೆ. ಗೋಣಿಕೊಪ್ಪದಲ್ಲಿ ಆರು ವರ್ಷದ ಒಬ್ಬಳು ಹುಡುಗಿ ನನ್ನ ಗೊಂಬೆಯನ್ನ ತಿರುಗಿಸಿ ಬೆನ್ನು ನೋಡಿ, "ನಮ್ಮ ಅಜ್ಜಿ ಹೀಗೆ ಉಡಲ್ಲ" ಅಂದಳು. ಅವತ್ತೇ ಹಠ ಹಿಡಿಯಿತು.

ಚಿಕ್ಕಂದಿನಲ್ಲಿ ನನಗಿದ್ದದ್ದು ಒಂದೇ ಬಾರ್ಬಿ. ತೊಂಬತ್ತರ ದಶಕದಲ್ಲಿ ಮಾವ ಮೈಸೂರಿನಿಂದ ತಂದದ್ದು. ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಮಕ್ಕಳು ಮನೆಯೊಳಗೇ. ಅತ್ತೆಯ ಮೆಷಿನ್ ಕೆಳಗೆ ಕೂತು, ಬಿದ್ದ ಚೂರು ಆರಿಸಿ ಫ್ರಾಕು ಹೊಲಿಯುತ್ತಿದ್ದೆ. ಹಳೇ ಕಾಲುಚೀಲದ ಬಾಯಿ ಕತ್ತರಿಸಿದರೆ ಲಂಗ. ಎಲಾಸ್ಟಿಕ್ ಸಮೇತ ಸಿಗುತ್ತಿತ್ತು.

ಸೀರೆಗೆ ಮೊದಲು ಮಾಡಿದ ತಪ್ಪು ಲೆಕ್ಕದ್ದು. ಬಾರ್ಬಿ 1959ರಲ್ಲಿ ಬಂದಾಗಿನಿಂದ ಹೆಚ್ಚುಕಮ್ಮಿ ಹನ್ನೊಂದೂವರೆ ಇಂಚು. ಅಂದರೆ ನಮ್ಮ ಆರನೇ ಒಂದು ಪಾಲು. ಐದೂವರೆ ಮೀಟರ್ ಸೀರೆಯನ್ನ ಆರರಿಂದ ಭಾಗಿಸಿ 92 ಸೆಂ.ಮೀ. ಕತ್ತರಿಸಿದೆ. ಸೀರೆ ಚಿಕ್ಕದಾಯಿತು, ನೂಲು ಸಣ್ಣದಾಗಲ್ಲ ಅಲ್ವಾ? 9 ಸೆಂ.ಮೀ. ಸೊಂಟ ಸುತ್ತಿದ ಮೇಲೆ 14 ಆಯಿತು. ಆಮೇಲೆ ಬಟ್ಟೆ ಅಂಟಿಸೋ ಗಮ್ ಹಾಕಿದೆ. ನೆರಿಗೆ ರಟ್ಟಿನ ಹಾಗಾಗಿ, ಎರಡು ತಿಂಗಳಿಗೆ ಹಳದಿ ತಿರುಗಿತು. ಅಕ್ಕಿ ಗಂಜಿ ಹಾಕಿದ್ದು ಚೆನ್ನಾಗೇ ನಿಂತಿತ್ತು, ಜುಲೈನಲ್ಲಿ ಬೂಷ್ಟು ಹಿಡಿಯಿತು. ಆ ಸರಕಿನಲ್ಲಿ 20 ಗೊಂಬೆ ಮಡಿಕೇರಿಯ ಒಂದು ಅಂಗಡಿಗೆ ಕೊಟ್ಟಿದ್ದೆ, 14 ವಾಪಸ್ ಬಂತು. ಗೊಂಬೆ, ಜರಿ, ಬಸ್ ಚಾರ್ಜು ಎಲ್ಲ ಸೇರಿ ಆ ವರ್ಷ ಒಂಬತ್ತು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಸರಿಯಾಗಿ ಹೇಳಿರಲಿಲ್ಲ.

ಕೊನೆಗೆ ಇಡೀ ಸೀರೆ ಸುತ್ತೋದನ್ನೇ ಬಿಟ್ಟೆ. ಎರಡು ತುಂಡು ಮಾಡಿದೆ. ಕೆಳಗಿನ ತುಂಡು 28 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ. ಮುಂದೆ ಸೊಂಟಕ್ಕೆ ಕೂರೋ ಹಾಗೆ ಎರಡು ಸಣ್ಣ ಡಾರ್ಟ್ (ಹೊಲಿದ ಮಡಿಕೆ), ಹಿಂದೆ ಒಂದೊಂದು ಸೆಂ.ಮೀ.ನ ಆರು ನೆರಿಗೆ. ಪ್ರತಿ ನೆರಿಗೆಗೂ ಮೇಲಿಂದ ಕೆಳಗೆ ಮೂರು ಕಡೆ ಕಚ್ಚಾ ಹೊಲಿಗೆ. ಸಬ್ಬಕ್ಕಿ ಗಂಜಿ ತೆಳುವಾಗಿ ಸವರಿ, ಗಾಯಕ್ಕೆ ಕಟ್ಟೋ ಗಾಜ್ ಬಟ್ಟೆಯ ಪಟ್ಟಿ ಸುತ್ತಿ, ಒಲೆ ಮೇಲಿನ ಅಟ್ಟದಲ್ಲಿ ಎರಡು ರಾತ್ರಿ. ಪೂರ್ತಿ ಒಣಗಿದ ಮೇಲೇ ಸಣ್ಣ ಉರಿಯ ಇಸ್ತ್ರಿ, ಮಧ್ಯೆ ತೆಳು ಹತ್ತಿಯ ಮಲ್ ಬಟ್ಟೆ ಇಟ್ಟು. ಪಟ್ಟಿ ಬಿಚ್ಚಿದಾಗ ನೆರಿಗೆ ಬೀಸಣಿಗೆ ಮಡಿಚಿದ ಹಾಗೆ ಒಂದರ ಮೇಲೊಂದು ಬಿದ್ದಿರುತ್ತೆ. ಕೊಡಗಿನ ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತು ಅಂತ ಕತೆ ಇದೆಯಲ್ಲ, ಮೊದಲ ಸಲ ಅದು ಸರಿಯಾಗಿ ಬಿದ್ದಾಗ ನನಗೆ ಅದೇ ನೆನಪಾಯಿತು.

ಸೆರಗಿನ ತುಂಡನ್ನ ಎಡ ಪಕ್ಕದಲ್ಲಿ ಸೊಂಟದ ಪಟ್ಟಿಗೆ ಸೇರಿಸಿ, ಎಡ ಕಂಕುಳ ಕೆಳಗಿಂದ ಎದೆ ಮೇಲೆ ತಂದು ಬಲ ಭುಜಕ್ಕೆ ಹಾಕಬೇಕು. ಗೊಂಬೆಯ ಕೈ ಇಳಿಬಿಟ್ಟರೆ ಜೋಡಣೆ ಕಾಣಲ್ಲ. ಟಿಚ್ ಬಟನ್ ನೆರಿಗೆಯ ಅಡಿಯಲ್ಲಿ. ವೆಲ್ಕ್ರೋ ಬೇಡ, ಕೂದಲು ಎಳೆಯುತ್ತೆ. ನೆರಿಗೆ ಬಾಲದ ಹಾಗೆ ಏಳದಿರಲು ಅಂಚಿನೊಳಗೆ ಸ್ವಲ್ಪ ಭಾರ ಇಡುತ್ತೇನೆ. ಏನು ಇಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಆರು ತಿಂಗಳು ಹುಡುಕಿದ್ದೇನೆ.

ಬಟ್ಟೆ ಹಳೇ ರೇಷ್ಮೆಯೇ ಆಗಬೇಕು. ನಾಲ್ಕೈದು ಸಲ ಒಗೆದದ್ದಾದರೆ ಇನ್ನೂ ಒಳ್ಳೆಯದು. ಹೊಸ ಕೆಂಪು ಬಟ್ಟೆಯನ್ನ ಲೈನಿಂಗ್ ಇಲ್ಲದೆ ಹಾಕಬೇಡಿ. ಮಾವ ತಂದ ಆ ಬಾರ್ಬಿಗೆ ಹಾಕಿ, ಒಂದು ಮಳೆಗಾಲ ಪೆಟ್ಟಿಗೆಯಲ್ಲಿಟ್ಟಿದ್ದೆ. ತೆಗೆದಾಗ ಮೊಣಕಾಲಿನವರೆಗೆ ಗುಲಾಬಿ ಬಣ್ಣ. ಸೋಪು, ಸೀಮೆಎಣ್ಣೆ, ಯಾವುದಕ್ಕೂ ಹೋಗಲಿಲ್ಲ. ಅವತ್ತು ನಿಜವಾಗಿ ಅಳು ಬಂತು. ಮೊಡವೆಗೆ ಹಚ್ಚೋ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮು ಸವರಿ, ಪ್ಲಾಸ್ಟಿಕ್ ಸುತ್ತಿ ಬಿಸಿಲಿಗೆ ಇಟ್ಟರೆ ಕಲೆ ಹೋಗುತ್ತೆ ಅಂತ ಆಮೇಲೆ ಗೊತ್ತಾಯಿತು. ಆದರೆ ಆಗಸ್ಟ್‌ನಲ್ಲಿ ನಮ್ಮಲ್ಲಿ ಬಿಸಿಲು ಎಲ್ಲಿಂದ ಬರಬೇಕು? ನವೆಂಬರ್‌ವರೆಗೆ ಕಾದೆ. ಎಂಟೊಂಬತ್ತು ದಿನಕ್ಕೆ ಹೋಯಿತು. ಎಡಗಾಲು ಒಂಚೂರು ಬಿಳಿಚಿಕೊಂಡಿದೆ.

ಗಂಡು ಗೊಂಬೆಯ ಕುಪ್ಯ, ಅಂದರೆ ಕೊಡವ ಗಂಡಸರ ಉದ್ದ ಕೋಟು, ಸುಲಭ ಅಂದುಕೊಂಡಿದ್ದೆ. ಕೋಟಿನ ದಪ್ಪ ಬಟ್ಟೆಯಲ್ಲಿ ತೋಳು ಕೂರಲೇ ಇಲ್ಲ. ಕಪ್ಪು ಪಾಪ್ಲಿನ್‌ನಲ್ಲಿ ಸರಿಹೋಯಿತು. ಸೊಂಟಕ್ಕೆ ಕಟ್ಟೋ ಚೇಲೆಗೆ ಸೀರೆ ಅಂಚಿನ ಕೆಂಪು ಜರಿ. ಅದಕ್ಕೆ ಸಿಕ್ಕಿಸೋ ಸಣ್ಣ ಪೀಚೆಕತ್ತಿಯನ್ನ ಮಣ್ಣಲ್ಲಿ ಮಾಡಿ ಮೂರು ಸಲ ಮುರಿದುಕೊಂಡೆ. ಈಗ ಹಳೇ ಜಿಪ್ಪಿನ ತಲೆಯನ್ನ ಅರದಿಂದ ಉಜ್ಜಿ ಮಾಡುತ್ತೇನೆ. ಮದುಮಗನಿಗೆ ಬಿಳಿ ಕುಪ್ಯ ಬೇಕಲ್ಲ, ಅದಕ್ಕೆ ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತೆ. ಮಲ್ ಬಟ್ಟೆಯನ್ನ ತೆಳು ಕಾಫಿ ಡಿಕಾಕ್ಷನ್‌ನಲ್ಲಿ ಹತ್ತು ನಿಮಿಷ ಅದ್ದಿ ನೋಡಿದೆ. ಪೆಟ್ಟಿಗೆಯಲ್ಲಿಟ್ಟು ತೆಗೆದ ಹಳೇ ಬಟ್ಟೆಯ ಬಣ್ಣವೇ ಬಂತು. ಇದು ನನ್ನದೇ ಯೋಚನೆ.

ಸ್ಟ್ಯಾಂಡ್ ಸೊಂಟ ಹಿಡಿಯೋ ಥರದ್ದು ಬೇಡ, ಅದರ ಕಂಬಿ ನೆರಿಗೆ ಮೇಲೇ ಕೂರುತ್ತೆ. ಕಾಲ ನಡುವೆ ಹೋಗೋ ಹಾಗೆ ತಂತಿ ಬಗ್ಗಿಸಿದರೆ ಒಳಗೆ ಕಾಣಲ್ಲ.

ಜೋಡಿಗೆ ಗೊಂಬೆ ಸೇರಿ 500ರ ಹತ್ತಿರ ಖರ್ಚು, ಎರಡು ದಿನದ ಕೆಲಸ. 1200ಕ್ಕೆ ಕೊಡುತ್ತೇನೆ. ಚೌಕಾಸಿ ಮಾಡಿದವರಿಗೆ ಬೆನ್ನು ತಿರುಗಿಸಿ ತೋರಿಸುತ್ತೇನೆ, ಆಮೇಲೆ ಮಾತಿಲ್ಲ. ನಿಮ್ಮದು 2016ರ ನಂತರ ಬಂದ ಅಗಲ ಸೊಂಟದ ಬಾರ್ಬಿಯಾದರೆ ಸೊಂಟದ ಪಟ್ಟಿ ಎರಡು ಮೂರು ಸೆಂ.ಮೀ. ಜಾಸ್ತಿ ಇಡಿ. ನೆರಿಗೆ ಆರೇ ಸಾಕು.