ಎಲ್ಲಾ ಬಂಡಲ್‌ಗೂ ಒಂದೇ ಚೀಟಿ

ನಮ್ಮ ಸೋದರಮಾವನದು ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೋಲ್‌ಸೇಲ್ ವ್ಯಾಪಾರ. ಕಟಿಂಗ್ ಅವರಲ್ಲೇ ಆಗುತ್ತದೆ. ಹೊಲಿಗೆ ಅಕ್ಕಪಕ್ಕದ ಮನೆಗಳಲ್ಲಿ. ಆಮೇಲೆ ಮಾಲು ವಾಷಿಂಗ್ ಯೂನಿಟ್‌ಗೆ ಹೋಗಿ ಬರುತ್ತದೆ. ಅವರಿಗೊಂದು ವೆಬ್‌ಸೈಟ್ ಮೊದಲೇ ಇತ್ತು, ಯಾರೋ ದುಡ್ಡು ತಗೊಂಡು ಮಾಡಿಕೊಟ್ಟಿದ್ದರು. ಅದನ್ನು ನೋಡಿ ಒಬ್ಬರೂ ಫೋನ್ ಮಾಡಿರಲಿಲ್ಲ. "ಕಂಪ್ಯೂಟರ್ ಓದಿದವನಲ್ವಾ ನೀನು, ಏನಾಗೈತೆ ನೋಡಪ್ಪಾ" ಎಂದು ಮಾವ ನನಗೆ ಗಂಟು ಹಾಕಿದರು.

ನೋಡಿದರೆ ಹನ್ನೊಂದು ಪುಟ. ಹನ್ನೊಂದಕ್ಕೂ ಟೈಟಲ್ 'ಹೋಮ್'. ಟೈಟಲ್ ಟ್ಯಾಗ್ ಅಂದರೆ ಬ್ರೌಸರ್‌ನ ಟ್ಯಾಬ್ ಮೇಲೆ ಕಾಣುವ ಹೆಸರು. ಹುಡುಕಿದಾಗ ಗೂಗಲ್‌ನಲ್ಲಿ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರುವ ಸಾಲೂ ಹೆಚ್ಚಾಗಿ ಅದೇ. ಮಾಡಿಕೊಟ್ಟವರು ಅದನ್ನು ಮುಟ್ಟಿರಲೇ ಇಲ್ಲ. ಬದಲಿಗೆ ಮೆಟಾ ಕೀವರ್ಡ್ಸ್, ಅಂದರೆ ಓದುವವರಿಗೆ ಕಾಣದಂತೆ ಪುಟದ ಕೋಡ್ ಒಳಗೆ ಬರೆಯುವ ಹುಡುಕು ಪದಗಳ, ಜಾಗದಲ್ಲಿ ಸಂತೆ ಸಾಮಾನಿನ ಪಟ್ಟಿ ತರಹ ಪದ ತುಂಬಿದ್ದರು. ರ‍್ಯಾಂಕಿಂಗ್‌ಗೆ (ಯಾವ ಪುಟ ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕಕ್ಕೆ) ಅದನ್ನು ನೋಡುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ.

ಮಾವನಿಗೆ ಇದನ್ನು ಹೇಗೆ ಹೇಳುವುದು? ಅವರ ಗೋಡೌನ್‌ನಲ್ಲಿ ಪ್ರತಿ ಬಂಡಲ್‌ಗೂ ಒಂದು ಚೀಟಿ ಸಿಕ್ಕಿಸಿರುತ್ತಾರೆ. 28ರಿಂದ 36, ಸ್ಲಿಮ್, ಕಪ್ಪು, ಹೀಗೆ. "ಎಲ್ಲಾ ಬಂಡಲ್ ಮೇಲೂ ಬರೀ 'ಪ್ಯಾಂಟ್' ಅಂತ ಬರೆದರೆ ಹುಡುಗ ಏನು ತೆಗೆದುಕೊಡುತ್ತಾನೆ ಮಾವ?" ಎಂದೆ. ಅಷ್ಟು ಸಾಕಾಯಿತು. ಮುಂದೆ ಅವರೇ ನನಗೆ ಪಾಠ ಹೇಳುವ ಮಟ್ಟಕ್ಕೆ ಬಂದರು.

ಮೊದಲ ಸಲ ನಾನೇ ಎಡವಿದೆ. ಆಸೆ ಜಾಸ್ತಿಯಾಗಿ ಮುಖಪುಟದ ಟೈಟಲ್‌ಗೆ 'ಜೀನ್ಸ್, ಜೀನ್ಸ್ ಪ್ಯಾಂಟ್, ಬಳ್ಳಾರಿ ಜೀನ್ಸ್, ಕಡಿಮೆ ಬೆಲೆ ಜೀನ್ಸ್, ಹೋಲ್‌ಸೇಲ್ ಜೀನ್ಸ್' ಎಂದು ತುಂಬಿದೆ. ಕೆಲವು ದಿನ ಬಿಟ್ಟು ಹುಡುಕಿದರೆ ಅಲ್ಲಿ ಕಂಡ ಹೆಸರು 'ಸ್ವಾಗತ'. ಬರೀ ಸ್ವಾಗತ! ಯಾರಿಗೆ, ಎಲ್ಲಿಗೆ, ಏನೂ ಇಲ್ಲ. ಮಾವ ಫೋನ್ ಹಿಡಿದುಕೊಂಡು, "ಏನಪ್ಪಾ, ಕಲ್ಯಾಣ ಮಂಟಪ ಮಾಡಿಬಿಟ್ಟೆಯಲ್ಲ" ಎಂದರು.

ಆಮೇಲೆ ಕಾರಣ ಸಿಕ್ಕಿತು. ನಾವು ಕೊಟ್ಟ ಟೈಟಲ್ ಸರಿಯಿಲ್ಲ ಅನ್ನಿಸಿದರೆ ಗೂಗಲ್ ಪುಟದೊಳಗಿನ ಬೇರೆ ಮಾತನ್ನು ಎತ್ತಿಕೊಂಡು ತೋರಿಸುತ್ತದೆ. 2021ರ ಆಗಸ್ಟ್‌ನಲ್ಲಿ ಅವರು ಈ ವ್ಯವಸ್ಥೆಯನ್ನು ಬದಲಿಸಿದ್ದರು. ಎಚ್1, ಅಂದರೆ ಪುಟದ ದೊಡ್ಡ ತಲೆಬರಹ, ಅದರ ಕಣ್ಣಿಗೆ ಬೇಗ ಬೀಳುತ್ತದೆ. ನಮ್ಮ ಪುಟದ ಎಚ್1 'ಸ್ವಾಗತ' ಆಗಿತ್ತು. ಟೈಟಲ್ ಒಂದು ದಿಕ್ಕು, ತಲೆಬರಹ ಇನ್ನೊಂದು ದಿಕ್ಕು.

ಪ್ರತಿ ಪುಟಕ್ಕೂ ಕೂತು ಬರೆದೆ. ಒಂದಕ್ಕೆ 'ಗಂಡಸರ ಸ್ಲಿಮ್ ಜೀನ್ಸ್ ಹೋಲ್‌ಸೇಲ್, ಬಳ್ಳಾರಿ'. ಇನ್ನೊಂದಕ್ಕೆ 'ಮಕ್ಕಳ ಜೀನ್ಸ್ ಹೋಲ್‌ಸೇಲ್'. ಅಂಗಡಿಯ ಹೆಸರು ಕೊನೆಗೆ. ಈ ವಿಷಯಕ್ಕೆ ಮಾವನ ಜೊತೆ ಒಂದು ಸಣ್ಣ ಜಗಳವೇ ಆಯಿತು, ಅವರಿಗೆ ಹೆಸರು ಮೊದಲು ಬೇಕು. ಆದರೆ ಫಲಿತಾಂಶದಲ್ಲಿ ಜಾಗ ಕಮ್ಮಿ. ಇಂಗ್ಲಿಷ್‌ನಲ್ಲಾದರೆ ಸುಮಾರು 50–60 ಅಕ್ಷರ. ನಿಜವಾಗಿ ಅದು ಅಗಲದ ಲೆಕ್ಕ. ನಮ್ಮ ಕನ್ನಡ ಅಕ್ಷರ ಅಗಲ, ಬೇಗ ಕತ್ತರಿಸಿಹೋಗುತ್ತದೆ. ಕತ್ತರಿ ಬಿದ್ದರೆ ಮಾಲಿನ ಹೆಸರಿಗೆ ಬೀಳಬಾರದು ಅಲ್ವಾ?

ಊರ ಹೆಸರಿನದು ಬೇರೆ ಕಥೆ. ಇಂಗ್ಲಿಷ್‌ನಲ್ಲಿ 'ಬೆಲ್ಲಾರಿ' ಇದ್ದದ್ದು 2014ರ ನವೆಂಬರ್ 1ರಂದು ಅಧಿಕೃತವಾಗಿ 'ಬಳ್ಳಾರಿ' ಆಯಿತು. ಸೈಟ್‌ನಲ್ಲಿ ನಾನು ಹೊಸ ಸ್ಪೆಲ್ಲಿಂಗ್ ಮಾತ್ರ ಹಾಕಿದ್ದೆ. ಸೈಟ್ ಇರುವವರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನ ತೆರೆದು ಜನ ಏನೆಂದು ಟೈಪ್ ಮಾಡಿದ್ದಾರೆ ಎಂದು ನೋಡಿದರೆ ಹಳೆ ಸ್ಪೆಲ್ಲಿಂಗೇ ಜಾಸ್ತಿ! ಹೊರಗಿನ ವ್ಯಾಪಾರಿಗಳ ಬಾಯಲ್ಲಿ ಇವತ್ತಿಗೂ ಅದೇ ಇದೆ. ಎರಡೂ ಒಂದೇ ಊರು ಎಂದು ಗೂಗಲ್‌ಗೆ ಗೊತ್ತು, ಸರಿ. ಆದರೆ ಹುಡುಕಿದವನಿಗೆ ತಾನು ಬರೆದ ಹೆಸರೇ ಕಂಡರೆ ಬೆರಳು ಅಲ್ಲಿಗೆ ಹೋಗುತ್ತದೆ. ಟೈಟಲ್‌ನಲ್ಲಿ ಹೊಸದನ್ನೇ ಉಳಿಸಿದೆ, ಹಳೆಯದನ್ನು ಒಳಗಿನ ಒಂದು ಎಚ್2ನಲ್ಲಿ, ಅಂದರೆ ಉಪ ತಲೆಬರಹದಲ್ಲಿ, ಸೇರಿಸಿದೆ.

ಎಚ್2, ಅದರ ಕೆಳಗಿನ ಹಂತದ ಎಚ್3ಗಳ ಸ್ಥಿತಿ ಮೊದಲು ನಗು ಬರಿಸುವಂತಿತ್ತು. ಅಕ್ಷರ ದಪ್ಪ ಕಾಣಲಿ ಎಂದು ಫೋನ್ ನಂಬರನ್ನೇ ಎಚ್2 ಮಾಡಿದ್ದರು. ದಪ್ಪ ಮಾಡಲು ಸಿಎಸ್ಎಸ್ ಇದೆ, ಪುಟದ ಅಂದಚಂದ ನೋಡಿಕೊಳ್ಳುವ ಕೋಡ್ ಅದು. ಅದನ್ನು ತೆಗೆದು 'ಸೈಜ್ ಮತ್ತು ಸೆಟ್', 'ಕನಿಷ್ಠ ಆರ್ಡರ್', 'ಮಾಲು ಕಳಿಸುವ ವಿಧಾನ' ಎಂದು ತಲೆಬರಹ ಕೊಟ್ಟೆ. ಎಚ್2 ಆದಮೇಲೆ ಎಚ್3 ಬರದೆ ಎಚ್4 ಬಂತು ಎಂದು ಗೂಗಲ್ ಮುನಿಸಿಕೊಳ್ಳುವುದಿಲ್ಲ. ಆ ವಿಷಯಕ್ಕೆ ಸುಮ್ನೆ ಹೆದರಿಸುವವರು ಜಾಸ್ತಿ. ಆದರೂ ನಾನು ಕ್ರಮ ಇಡುತ್ತೇನೆ. ಕಣ್ಣು ಕಾಣದವರು ಪರದೆ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಲ್ಲಿ ತಲೆಬರಹದಿಂದ ತಲೆಬರಹಕ್ಕೆ ನೆಗೆಯುತ್ತಾ ಪುಟ ಓದುತ್ತಾರೆ.

ಹೊಸ ಟೈಟಲ್ ಕಾಣಲು ಒಂದೆರಡು ವಾರ ಹಿಡಿಯಿತು. ಮೊದಲ ಕರೆ ಅನಂತಪುರದಿಂದ, ಮಕ್ಕಳ ಜೀನ್ಸ್ ಕೇಳಿಕೊಂಡು. ದೊಡ್ಡ ಆರ್ಡರ್ ಏನಲ್ಲ, ಎರಡು ಸೆಟ್. ಆ ಮನುಷ್ಯ ತೆಲುಗಿನಲ್ಲೇ ಮಾತಾಡಿದರು. ಫೋನ್ ಇಟ್ಟ ಮಾವ ನನ್ನ ಕಡೆ ತಿರುಗಿ, "ತೆಲುಗಿನದೊಂದು ಪುಟ ಹಾಕು. ಚೀಟಿ ಮಾತ್ರ ನಾನೇ ಬರೀತೀನಿ, ನೀನು ಬರೆದರೆ ಮತ್ತೆ ಸ್ವಾಗತ ಆಗ್ತೈತೆ" ಎಂದರು.