ದೊಡ್ಡ ದುರಂತದ ದಿನ ನಿಮ್ಮ ಪೇಜಲ್ಲಿ ಏನು ಹಾಕಬೇಕು?

2025ರ ಜೂನ್ 4 ನೆನಪಿದೆ ಅಲ್ವಾ? ಹಿಂದಿನ ರಾತ್ರಿಯಷ್ಟೇ ಆರ್‌ಸಿಬಿ ಕಪ್ ಗೆದ್ದಿತ್ತು. ಆ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ನೂಕುನುಗ್ಗಲಾಗಿ 11 ಜನ ಸತ್ತರು. ಇಂಥ ದಿನ ಲಕ್ಷಗಟ್ಟಲೆ ಫಾಲೋವರ್ಸ್ ಇರುವವರು ಮಾತಾಡಬೇಕಾ, ಬೇಡ್ವಾ?

ನನ್ನ ಲೆಕ್ಕ ಸರಳ. ಆ ವಿಷಯದಿಂದಲೇ ನೀವು ವ್ಯೂಸ್ ತಗೊಂಡಿದ್ದರೆ ಮಾತಾಡಲೇಬೇಕು. ಎರಡು ತಿಂಗಳು 'ಈ ಸಲ ಕಪ್ ನಮ್ದೇ' ಅಂತ ರೀಲ್ಸ್ ಮಾಡಿದ ಪೇಜು ಸಾವಿನ ಸುದ್ದಿ ಬಂದ ಕೂಡಲೇ ಮಾಯವಾಗುವುದು ಚೆನ್ನಾಗಿರಲ್ಲ. ನಿಮ್ಮೂರಲ್ಲೇ ಆದ ಘಟನೆಗೂ ಇದೇ ಮಾತು. ಆದರೆ ನಿಮ್ಮದು ಅಡುಗೆ ಪೇಜು, ದೂರದ ಯುದ್ಧದ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ ಅಂದರೆ ಸುಮ್ಮನಿರಿ, 'ಯಾಕೆ ಬಾಯಿ ಬಿಡ್ತಿಲ್ಲ' ಅಂತ ಬೈಯುವವರು ಬೈದುಕೊಳ್ಳಲಿ. 2024ರ ಮೇನಲ್ಲಿ 'ಆಲ್ ಐಸ್ ಆನ್ ರಫಾ' (ಎಲ್ಲರ ಕಣ್ಣೂ ಗಾಜಾದ ರಫಾ ಊರಿನ ಮೇಲೆ) ಅನ್ನುವ ಎಐ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಕೋಟಿಗಟ್ಟಲೆ ಜನ ಸ್ಟೋರಿಗೆ ಹಾಕಿದರು. ಅದರಲ್ಲಿ ರಫಾದ ನಿಜವಾದ ಒಂದು ಟೆಂಟೂ ಇರಲಿಲ್ಲ.

ಮಾತಾಡಲಿ ಬಿಡಲಿ, ಎಲ್ಲರೂ ಮಾಡಬೇಕಾದ ಮೊದಲ ಕೆಲಸ ಒಂದಿದೆ. ಶೆಡ್ಯೂಲ್ ಮಾಡಿಟ್ಟ ಪೋಸ್ಟ್‌ಗಳನ್ನು ನಿಲ್ಲಿಸಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪೋಸ್ಟ್‌ಗಳಿಗೆ ಮೆಟಾ ಬಿಸಿನೆಸ್ ಸೂಟ್‌ನ ಪ್ಲಾನರ್ ತೆರೆದು ನೋಡಿ, ಯೂಟ್ಯೂಬ್ ಸ್ಟುಡಿಯೋವನ್ನೂ ಮರೆಯಬೇಡಿ. ಸಂಜೆ ಆರಕ್ಕೆ ಅಂತ ಹಾಕಿಟ್ಟ ಡ್ಯಾನ್ಸ್ ರೀಲು ತನ್ನ ಪಾಡಿಗೆ ತಾನು ಹೋಗಿಬಿಡುತ್ತದೆ, ನೋಡಿದವರಿಗೆ ನೀವು ಈಗಷ್ಟೇ ಕುಣಿದ ಹಾಗೆ ಕಾಣುತ್ತದೆ. ದುಡ್ಡು ಕೊಟ್ಟು ಪ್ರಚಾರ ಮಾಡಿಸುವ ಬ್ರ್ಯಾಂಡ್‌ನವರಿಗೆ ಒಂದು ಮೆಸೇಜ್ ಹಾಕಿ, ಎರಡು ದಿನ ಮುಂದಕ್ಕೆ ಹಾಕಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಆಮೇಲೆ, ಕೈಗೆ ಬಂದದ್ದನ್ನು ಹಂಚುವ ಮೊದಲು ಸ್ವಲ್ಪ ಕಾಯಿರಿ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಫಾರ್ವರ್ಡ್ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕನನ್ನು ಹೊಡೆದು ಸಾಯಿಸಿದರು. 2025ರ ಮೇನಲ್ಲಿ ಆಪರೇಷನ್ ಸಿಂದೂರ ನಡೆಯುವಾಗ ವಿಡಿಯೋ ಗೇಮಿನ ದೃಶ್ಯಗಳೇ ಯುದ್ಧದ ಹೆಸರಲ್ಲಿ ಓಡಾಡಿದವು. ಹಾಗಾಗಿ ಕ್ಲಿಪ್ಪಿನ ಒಂದು ಫ್ರೇಮ್ ತೆಗೆದು ಚಿತ್ರ ಹಾಕಿ ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ, ಹಳೆಯದಾದರೆ ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಸಿಗಲಿಲ್ಲ ಅಂದ ಮಾತ್ರಕ್ಕೆ ನಿಜ ಅಂತಲೂ ಅಲ್ಲ.

ಬರೆಯುವಾಗ ಕೆಲಸಕ್ಕೆ ಬರುವುದನ್ನು ಬರೆಯಿರಿ. ಯಾವ ರಸ್ತೆ ಬಂದ್, ಎಲ್ಲಿ ರಕ್ತ ಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್, ಬೆಡ್ ನಂಬರುಗಳ ಪಟ್ಟಿ ದಿನಗಟ್ಟಲೆ ಸುತ್ತುತ್ತಿತ್ತು, ಫೋನ್ ಮಾಡಿದರೆ ಸ್ವಿಚ್ ಆಫ್. ಆಗ ಬುದ್ಧಿವಂತರು 'ಬೆಳಗ್ಗೆ 11.30ಕ್ಕೆ ಫೋನ್ ಮಾಡಿ ನೋಡಿದ್ದೇವೆ' ಅಂತ ಸಮಯ ಸೇರಿಸುತ್ತಿದ್ದರು. ನೀವೂ ಹಾಗೇ ಮಾಡಿ. ಕೆಲಸ ಮುಗಿದ ಮೇಲೆ ಪೋಸ್ಟ್ ತೆಗೆಯಿರಿ, ಇಲ್ಲವಾದರೆ ವಾರ ಕಳೆದರೂ ರಕ್ತ ಕೇಳಿದ್ದ ಮನೆಯವರಿಗೆ ಫೋನ್ ಬರುತ್ತಲೇ ಇರುತ್ತದೆ.

ಸತ್ತವರ ಮುಖ, ಅಳುತ್ತಿರುವ ಅಮ್ಮಂದಿರ ಕ್ಲೋಸಪ್ ಬೇಡ. ಅತ್ಯಾಚಾರದ ಪ್ರಕರಣದಲ್ಲಂತೂ 'ನ್ಯಾಯ ಕೊಡಿಸಿ' ಅಂತ ಹೆಣ್ಣುಮಗಳ ಫೋಟೋ, ಹೆಸರು ಹಾಕುವುದೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲಾಗಬಹುದು.

ಕಮೆಂಟ್‌ಗಳ ಮೇಲೆ ರಾತ್ರಿಯವರೆಗೂ ಕಣ್ಣಿಡಿ. ಜಾತಿ, ಧರ್ಮ ಎಳೆದು ತರುವವರು ಬಂದೇ ಬರುತ್ತಾರೆ. ಡಿಲೀಟ್ ಮಾಡಿ, ವಾದ ಬೇಡ. ಕೈ ಮೀರಿದರೆ ಕಮೆಂಟ್ ಆಫ್ ಮಾಡಿ. ಆ ವಿಡಿಯೋದಿಂದ ದುಡ್ಡು ಬರುವ ಹಾಗಿದ್ದರೆ ಜಾಹೀರಾತು ಮೊದಲೇ ತೆಗೆದುಬಿಡಿ, ಆಮೇಲೆ ಯಾರೋ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಬಂದಾಗ ವಿವರಣೆ ಕೊಡುವುದು ಕಷ್ಟ.