ದ್ವೀಪದ ದಿನ ಮೊದಲು, ರಸ್ತೆ ಆಮೇಲೆ: ಮನೆಮಂದಿಯೊಂದಿಗೆ ಕಾರಿನಲ್ಲಿ ಕರಾವಳಿ

ಬೆಂಗಳೂರಿನಿಂದ ಕರಾವಳಿಗೆ ಹೊರಡುವವರು ಸಾಮಾನ್ಯವಾಗಿ ಮೊದಲು ಹೋಟೆಲ್ ಬುಕ್ ಮಾಡುತ್ತಾರೆ, ಆಮೇಲೆ ದಾರಿ ನೋಡುತ್ತಾರೆ, ಟೈಮ್ ಸಿಕ್ಕರೆ ದ್ವೀಪ ಎಂದು ಕೊನೆಗೆ ಸೇರಿಸುತ್ತಾರೆ. ನಾನು ಯೋಜನೆ ಶುರು ಮಾಡುವುದೇ ದ್ವೀಪದಿಂದ. ರಸ್ತೆಯಲ್ಲಿ ಎರಡು ಗಂಟೆ ತಡವಾದರೆ ಊಟ ತಡವಾಗುತ್ತದೆ, ಅಷ್ಟೇ. ಸಮುದ್ರದಲ್ಲಿ ಗಾಳಿ ಎದ್ದರೆ ಅವತ್ತು ದೋಣಿಯೇ ಇಲ್ಲ. ಆದ್ದರಿಂದ ಪ್ರತಿ ದ್ವೀಪಕ್ಕೂ ಎರಡು ಬೆಳಗು ಇಟ್ಟುಕೊಳ್ಳುತ್ತೇನೆ: ಒಂದು ಹೋಗುವುದಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ. ಅಂದರೆ ದೋಣಿ ಹತ್ತುವ ಊರಿನಲ್ಲಿ ಎರಡು ರಾತ್ರಿ, ಉಳಿದ ಕಡೆ ಒಂದು. ಮಲ್ಪೆಗೆ ಎರಡು, ಮುರ್ಡೇಶ್ವರಕ್ಕೆ ಎರಡು, ಗೋಕರ್ಣ ಅಥವಾ ಕಾರವಾರಕ್ಕೆ ಒಂದು, ವಾಪಸ್ ದಾರಿಯಲ್ಲಿ ಒಂದು. ಮಕ್ಕಳೂ ಹಿರಿಯರೂ ಇರುವ ಕಾರಿಗೆ ಇದಕ್ಕಿಂತ ಬಿಗಿಯಾದ ಲೆಕ್ಕ ಬೇಡ.

ಕಾಲವನ್ನು ನಿರ್ಧರಿಸುವುದೂ ದೋಣಿಯೇ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪಕ್ಕೂ ದೋಣಿ ಓಡುವುದಿಲ್ಲ. ದಸರಾ ರಜೆಯಲ್ಲಿ ಸಮುದ್ರ ಇನ್ನೂ ಪೂರ್ತಿ ಶಾಂತವಾಗಿರುವುದಿಲ್ಲ, ಆಗ ಎರಡನೇ ಬೆಳಗು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಏಪ್ರಿಲ್, ಮೇನಲ್ಲಿ ಹನ್ನೊಂದು ಗಂಟೆಗೆಲ್ಲ ಬಂಡೆ ಮೇಲೆ ಕಾಲಿಡಲಾಗದು. ನವೆಂಬರ್ ಮಧ್ಯದಿಂದ ಫೆಬ್ರವರಿ ನನ್ನ ಆಯ್ಕೆ.

ಇನ್ನು ದಿಕ್ಕು. ಮಂಗಳೂರಿನಿಂದ ಕಾರವಾರದ ಕಡೆಗೆ ಓಡಿಸಬೇಕು, ಕಾರವಾರದಿಂದ ಮಂಗಳೂರಿನ ಕಡೆಗಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟರೆ ಸಮುದ್ರ ಯಾವಾಗಲೂ ಎಡಗಡೆ, ನಾವು ಓಡಿಸುವುದೂ ಎಡಗಡೆ. ಕಾಪು ದೀಪಸ್ತಂಭಕ್ಕೋ ಮರವಂತೆಗೋ ಡಿವೈಡರ್ ದಾಟದೆ ನೇರ ಇಳಿಯಬಹುದು. ಎದುರು ದಿಕ್ಕಿನಿಂದ ಬಂದರೆ ಪ್ರತಿ ಬೀಚಿಗೂ ಯೂ-ಟರ್ನ್ ಹುಡುಕಬೇಕು. ಈ ಹೆದ್ದಾರಿಯಲ್ಲಿ ಅಪಾಯ ಇರುವುದೇ ಡಿವೈಡರ್ ತೆರವುಗಳಲ್ಲಿ, ರಾಂಗ್ ಸೈಡಿನಲ್ಲಿ ಬರುವ ಸ್ಕೂಟರುಗಳಲ್ಲಿ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಫೋಟೋಕ್ಕಾಗಿ ಲೇನಿನಲ್ಲೇ ನಿಲ್ಲಿಸುವವರಿರುತ್ತಾರೆ, ಅಲ್ಲಿ ವೇಗ ಮೊದಲೇ ಇಳಿಸಿ.

ಬೆಂಗಳೂರಿನಿಂದ ಮಂಗಳೂರು ಸುಮಾರು 350 ಕಿಲೋಮೀಟರ್. ಬೆಳಗಿನ ಜಾವ ನಾಲ್ಕೂವರೆಗೆ ಹೊರಟು, ಬೆಳಕು ಹರಿಯುವ ಮುನ್ನ ಗೊರಗುಂಟೆಪಾಳ್ಯ, ನೆಲಮಂಗಲ ದಾಟಬೇಕು. ಬೆಳ್ಳೂರು ಕ್ರಾಸ್ ಅಥವಾ ಚನ್ನರಾಯಪಟ್ಟಣದ ಹತ್ತಿರ ತಿಂಡಿ. ಘಟ್ಟದಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಎರಡು ಇಡ್ಲಿ ಸಾಕು, ಹಾಲೂ ಬೇಡ, ಪೂರಿಯೂ ಬೇಡ. ವಾಂತಿಯ ಮಾತ್ರೆ ಕೊಡುವುದಿದ್ದರೆ ವೈದ್ಯರನ್ನು ಕೇಳಿ, ಸಕಲೇಶಪುರಕ್ಕೆ ಅರ್ಧ ಗಂಟೆ ಮೊದಲೇ ಕೊಡಬೇಕು. ತಿರುವು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ ಬರುತ್ತದೆ. ಮೊಬೈಲ್ ಕಿತ್ತಿಟ್ಟು ಮುಂದಿನ ಗಾಜಿನತ್ತ ನೋಡಿಸಿ.

ಶಿರಾಡಿ ಘಟ್ಟದ ತಿರುವುಗಳು ಚಾರ್ಮಾಡಿಗಿಂತ ಸೌಮ್ಯ, ಆದರೆ ಲಾರಿ, ಟ್ಯಾಂಕರ್ ಜಾಸ್ತಿ. ಗುಡ್ಡ ಕುಸಿದು ರಸ್ತೆ ಮುಚ್ಚಿದರೆ ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ, ಇಲ್ಲವೇ ಮಡಿಕೇರಿ ಮೇಲೆ ಸಂಪಾಜೆ. ಮಂಗಳೂರಿಗಾದರೆ ಈ ತೀರ್ಮಾನ ಹಾಸನದಲ್ಲೇ ಆಗಬೇಕು. ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್, ಆಟೋಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್ ಅಥವಾ 'ಎಲ್' (ಲೋ ಗೇರ್). ಐದು ಜನ, ತುಂಬಿದ ಡಿಕ್ಕಿ ಹೊತ್ತ ಕಾರನ್ನು ಬ್ರೇಕ್ ಒಂದರಲ್ಲೇ ಇಳಿಸಿದರೆ ಪ್ಯಾಡ್ ಕಾಯುತ್ತದೆ. ಬ್ರೇಕ್ ದ್ರವ ಹಳೆಯದಾಗಿದ್ದರೆ ಅದು ಹೀರಿಕೊಂಡ ತೇವ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹಾಗಾಗಿ ಹೊರಡುವ ಮುನ್ನ ಸರ್ವೀಸಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಬ್ರೇಕ್ ದ್ರವ ಬದಲಿಸಿ ಎರಡು ವರ್ಷ ಆಯಿತೇ? ಟೈರ್ ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗ, ಡ್ರೈವರ್ ಬಾಗಿಲಿನ ಪಟ್ಟಿಯಲ್ಲಿ 'ಫುಲ್ ಲೋಡ್'ಗೆ ಬರೆದಿರುವಷ್ಟು ತುಂಬಿಸಿ.

ಸೇಂಟ್ ಮೇರೀಸ್‌ಗೆ ಮಲ್ಪೆಯಿಂದ ಬೆಳಗಿನ ಮೊದಲ ದೋಣಿಗೇ ಹೋಗಬೇಕು. ಮಧ್ಯಾಹ್ನದ ನಂತರ ಕಡಲಗಾಳಿ ಬಲವಾಗಿ ಅಲೆ ಏಳುತ್ತದೆ, ವಾಪಸ್ ಬರುವಾಗ ದೋಣಿ ಕುಲುಕುತ್ತದೆ. ದೋಣಿ ಹತ್ತಿಳಿಯುವುದೇ ಹಿರಿಯರಿಗೆ ಕಷ್ಟದ ಕೆಲಸ. ಮೊಣಕಾಲು ನೋವಿರುವವರು ಇದನ್ನು ಮೊದಲೇ ಯೋಚಿಸಿಕೊಳ್ಳಲಿ. ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ದಡದಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಕಾಲು ಕೊಯ್ಯುತ್ತದೆ. ನೀರು ಸ್ಟೀಲ್ ಬಾಟಲಿಯಲ್ಲಿರಲಿ. ಅಲ್ಲಿನ ಕಂಬಗಳಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಲಾವಾ ತಣ್ಣಗಾಗಿ ಸೀಳಿದಾಗ ಆದವು. ಮಕ್ಕಳಿಗೆ ಇದನ್ನು ದೋಣಿಯಲ್ಲೇ ಹೇಳಿ, ದ್ವೀಪದಲ್ಲಿ ಅವರೇ ಮೂಲೆ ಎಣಿಸುತ್ತಾರೆ. ಆರು ಮೂಲೆಯವು ಹೆಚ್ಚು ಸಿಗುತ್ತವೆ, ಐದು, ಏಳರವೂ ಇವೆ. ಗುರುತು ಹಾಕಿದ ಜಾಗ ಬಿಟ್ಟು ನೀರಿಗಿಳಿಯಬೇಡಿ, ಅಡಿಯಲ್ಲೆಲ್ಲ ಕಲ್ಲು.

ಉಬ್ಬರ, ಇಳಿತದ ಲೆಕ್ಕ ಕಲಿತರೆ ಪ್ರವಾಸದ ಅರ್ಧ ಕೆಲಸ ಮುಗಿದಂತೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ನಡುವೆ ಸುಮಾರು ಆರು ಗಂಟೆ. ಪ್ರತಿದಿನ ಹತ್ತಿರಹತ್ತಿರ 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಇಂದು ಏಳಕ್ಕೆ ಇಳಿತವಾದರೆ ನಾಳೆ ಎಂಟರ ಆಸುಪಾಸು. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಜಾಸ್ತಿ, ಅದಕ್ಕೆ ಗೋಡೆಯ ಕ್ಯಾಲೆಂಡರ್ ಸಾಕು. ಅಲೆಯ ಎಚ್ಚರಿಕೆಯನ್ನು ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಪ್ರಕಟಿಸುತ್ತದೆ. ಹಿಂದಿನ ರಾತ್ರಿ ಅದನ್ನು ನೋಡಿಯೇ ಅಲಾರಂ ಇಡುತ್ತೇನೆ.

ಹೆಚ್ಚಿನವರಿಗೆ ಗೊತ್ತಿಲ್ಲದ, ಗೊತ್ತಿರಲೇಬೇಕಾದ ಮಾತು ನೇತ್ರಾಣಿಯದು. ಮುರ್ಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ. ಅಲ್ಲಿ ಸ್ಕೂಬಾ ಮಾಡುವುದು ದ್ವೀಪದ ಪಕ್ಕದ ನೀರಿನಲ್ಲಿ, ದ್ವೀಪದ ಮೇಲೆ ಇಳಿಯುವ ಹಾಗಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ ಡೈವ್ ಇಲ್ಲ, ಒಬ್ಬ ದೊಡ್ಡವರು ಅವರೊಂದಿಗೆ ದಡದಲ್ಲಿ ಉಳಿಯಬೇಕು. ಡೈವ್ ಮಾಡಿದ ದಿನವೇ ಜೋಗ ನೋಡಿಕೊಂಡು ಬರೋಣ, ಇಲ್ಲವೇ ರಾತ್ರಿಯೇ ಬೆಂಗಳೂರಿಗೆ ಹೊರಡೋಣ ಎಂದು ಪ್ಲಾನ್ ಹಾಕುವವರು ಬಹಳ. ಅದು ಸಲ್ಲದು. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಅಂಗಾಂಶಗಳಲ್ಲಿ ಕರಗಿರುತ್ತದೆ. ಎತ್ತರಕ್ಕೆ ಹೋಗಿ ಗಾಳಿಯ ಒತ್ತಡ ಇಳಿದರೆ ಅದು ಗುಳ್ಳೆಯಾಗಬಹುದು. ವಿಮಾನಕ್ಕೆ ಹೇಳುವ ಕಾಯುವ ಅವಧಿ ಒಂದು ಡೈವ್‌ಗೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18. ಘಟ್ಟದ ಮೇಲೆ ಆಗುಂಬೆಯಂಥ ಕಡೆ ಎತ್ತರ 600 ಮೀಟರ್ ದಾಟುತ್ತದೆ, ಬೆಂಗಳೂರು 900 ಮೀಟರಿನಲ್ಲಿದೆ. ಆದ್ದರಿಂದ ನಾನು ಅದೇ ಅವಧಿಯನ್ನು ಕಾರಿಗೂ ಪಾಲಿಸುತ್ತೇನೆ. ನೇತ್ರಾಣಿಯ ನಂತರ ಒಂದು ರಾತ್ರಿಯಾದರೂ ಕರಾವಳಿಯಲ್ಲೇ. ಹೊನ್ನಾವರದ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುದಾರಿ, ಕಾಸರಕೋಡು ಬೀಚು ಆ ಸಂಜೆಗೆ ಹೇಳಿ ಮಾಡಿಸಿದ ಜಾಗಗಳು.

ಕಾರವಾರದಲ್ಲಿ ಕೂರ್ಮಗಡ, ದೇವಬಾಗಕ್ಕೆ ದೋಣಿ ಗೊತ್ತು ಮಾಡಿಕೊಳ್ಳಬೇಕು. ಎಲ್ಲರಿಗೂ, ಮುಖ್ಯವಾಗಿ ಮಕ್ಕಳ ಅಳತೆಗೂ, ಲೈಫ್ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಅಂಜದೀವ ದ್ವೀಪ ನೌಕಾನೆಲೆಗೆ ಸೇರಿದ್ದು, ಅದರ ಯೋಚನೆ ಬಿಡಿ. ದೋಣಿ ತಪ್ಪಿದರೆ ಟಾಗೋರ್ ಕಡಲತೀರದ ಪಕ್ಕದ ಯುದ್ಧನೌಕೆ ಸಂಗ್ರಹಾಲಯ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಅಂಕೋಲಾ ಬಳಿಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದದ್ದು ನೆನಪಿರಲಿ: ಗುಡ್ಡ ಕಡಿದು ಅಗಲಿಸಿದ ರಸ್ತೆಯಲ್ಲಿ ಜಡಿಮಳೆಯ ಹೊತ್ತು ಚಹಾಕ್ಕೂ ನಿಲ್ಲಬಾರದು.

ಮರಳಿನ ಮೇಲೆ ಕಾರು ಇಳಿಸಲೇಬೇಡಿ. ಸಿಕ್ಕಿಬಿದ್ದರೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಹೂತುಹೋಗುತ್ತದೆ. ಮುಂದಿನ ಮರಳು ತೋಡಿ, ಮ್ಯಾಟ್ ಹಾಸಿ, ಗಾಳಿಯನ್ನು 18 ಪಿಎಸ್ಐ ಆಸುಪಾಸಿಗೆ ಇಳಿಸಿ ನಿಧಾನ ಹೊರಬನ್ನಿ, ಹೆದ್ದಾರಿಗೆ ಹೋಗುವ ಮೊದಲು ಮತ್ತೆ ತುಂಬಿಸಿ. ಹೋಂಸ್ಟೇ ಅಂಗಳದಲ್ಲಿ ನೆರಳು ಚೆನ್ನಾಗಿದೆ ಎಂದು ತೆಂಗಿನ ಮರದಡಿ ಪಾರ್ಕ್ ಮಾಡಬೇಡಿ, ಒಂದು ಕಾಯಿಗೆ ಗಾಜು ಹೋಗುತ್ತದೆ.

ವಾಪಸ್ ಬರಲು ಅಂಕೋಲಾದಿಂದ ಅರಬೈಲು ಘಟ್ಟ, ಯಲ್ಲಾಪುರ, ಹುಬ್ಬಳ್ಳಿ. ಐನೂರು ಕಿಲೋಮೀಟರಿಗೂ ಹೆಚ್ಚಾದ ಈ ದಾರಿಯನ್ನು ಒಂದೇ ದಿನ ಓಡಿಸುವುದು ಬೇಡ. ಹಾವೇರಿ ಅಥವಾ ದಾವಣಗೆರೆಯಲ್ಲಿ ರಾತ್ರಿ ತಂಗಿದರೆ ತುಮಕೂರು, ನೆಲಮಂಗಲವನ್ನು ಮಧ್ಯಾಹ್ನದೊಳಗೆ ದಾಟಬಹುದು. ಮನೆಗೆ ಬಂದ ವಾರದೊಳಗೆ ಕಾರಿನ ಅಡಿಭಾಗ, ಚಕ್ರದ ಮೇಲಿನ ಕಮಾನಿನ ಒಳಭಾಗ, ಬಾಗಿಲ ಕೆಳಪಟ್ಟಿಯನ್ನು ಸಿಹಿನೀರಿನ ಒತ್ತಡದಲ್ಲಿ ತೊಳೆಸಿ, ಮ್ಯಾಟ್ ತೆಗೆದು ಅಡಿಯ ಕಾರ್ಪೆಟ್ ಒಣಗಿಸಿ. ಒದ್ದೆ ಬಟ್ಟೆಯಿಂದ ಇಳಿದ ಉಪ್ಪುನೀರು ಅಲ್ಲೇ ನಿಂತು ಸೀಟಿನ ಬೋಲ್ಟುಗಳಿಗೆ ತುಕ್ಕು ಹಿಡಿಸುತ್ತದೆ.